ಹುರುಳಿ ಹಾಸಿದ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಏನಾಗುತ್ತದೆ?

ಒಕ್ಕಣೆ ಕಾಲದಲ್ಲಿ ಮಂಡ್ಯದ ಹಳ್ಳಿ ರಸ್ತೆಗಳಲ್ಲಿ ಹುರುಳಿ ಬಳ್ಳಿ ಹಾಸಿರುತ್ತದೆ. ಕಾರಿನ ಎಡಗಡೆ ಚಕ್ರಗಳು ಬಳ್ಳಿಯ ಮೇಲೆ, ಬಲಗಡೆಯವು ಡಾಂಬರಿನ ಮೇಲೆ. ಆಗಲೇ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು ಅನ್ನಿ. ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಎಡಗಡೆ ಜಾರುತ್ತದೆ, ಬಲಗಡೆ ಕಚ್ಚಿಕೊಳ್ಳುತ್ತದೆ. ಕಾರು ಟ್ರ್ಯಾಕ್ಟರ್ ಕಡೆಗೇ ಎಳೆಯುತ್ತದೆ. ನಮ್ಮ ಕಾಲಿಗೆ ಇರುವುದು ಒಂದೇ ಪೆಡಲ್ ಅಲ್ವಾ? ಚಕ್ರಕ್ಕೊಂದು ಲೆಕ್ಕದಲ್ಲಿ ಬ್ರೇಕ್ ಹಾಕುವುದು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ), ಇಎಸ್‌ಸಿ (ಕಾರು ಜಾರಿ ದಿಕ್ಕು ತಪ್ಪದಂತೆ ನೋಡಿಕೊಳ್ಳುವ ವ್ಯವಸ್ಥೆ) ಯೂನಿಟ್‌ನ ಕೆಲಸ. ಲಾಕ್ ಅಂದರೆ ಚಕ್ರ ಉರುಳುವುದು ನಿಂತು ಬರೀ ಜಾರುವುದು.

ಮೊದಲು ಕೀ ತಿರುಗಿಸಿದಾಗ ಎಬಿಎಸ್ ದೀಪ ಹತ್ತಿ ಆರಬೇಕು. ಆರದಿದ್ದರೆ ಮಾಮೂಲಿ ಬ್ರೇಕ್ ಹಿಡಿಯಬಹುದು, ಎಬಿಎಸ್ ಇರುವುದಿಲ್ಲ. ಮೆಕ್ಯಾನಿಕ್‌ಗೆ ತೋರಿಸಿ.

ಪ್ರತಿ ಚಕ್ರದ ಬಳಿ ಒಂದು ಸೆನ್ಸರ್ ವೇಗ ಅಳೆಯುತ್ತಿರುತ್ತದೆ. ಒಂದು ಚಕ್ರ ಮಾತ್ರ ದಿಢೀರನೆ ನಿಧಾನವಾದರೆ ಅದು ಲಾಕ್ ಆಗುತ್ತಿದೆ ಎಂದರ್ಥ. ಮುಂದಿನ ಚಕ್ರ ಲಾಕ್ ಆದರೆ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಆಗ ಯೂನಿಟ್ ಆ ಚಕ್ರಕ್ಕೆ ಹೋಗುವ ಬ್ರೇಕ್ ಆಯಿಲ್‌ನ ವಾಲ್ವ್ ಮುಚ್ಚುತ್ತದೆ. ಸಾಲದಿದ್ದರೆ ಇನ್ನೊಂದು ವಾಲ್ವ್ ತೆರೆದು ಒತ್ತಡ ಇಳಿಸುತ್ತದೆ. ಪಂಪ್ ಆ ಆಯಿಲನ್ನು ವಾಪಸ್ ತಳ್ಳುತ್ತದೆ. ಚಕ್ರ ಉರುಳತೊಡಗಿದ ಕೂಡಲೇ ಮತ್ತೆ ಒತ್ತಡ. ಒಂದೇ ಸೆಕೆಂಡಿನಲ್ಲಿ ಇದು ಹಲವು ಸಲ ನಡೆಯುತ್ತದೆ.

ಪೆಡಲ್ ಕಾಲಡಿ ಗಡಗಡ ನಡುಗುವುದು ಇದಕ್ಕೇ. ತುಂಬಾ ಜನ ಇಲ್ಲೇ ಗಾಬರಿಯಾಗಿ ಕಾಲು ತೆಗೆದುಬಿಡುತ್ತಾರೆ. ದಯವಿಟ್ಟು ತೆಗೆಯಬೇಡಿ, ಬಿಟ್ಟು ಬಿಟ್ಟು ಒತ್ತಲೂ ಬೇಡಿ. ಒತ್ತಿ ಹಿಡಿದೇ ಸ್ಟೀರಿಂಗ್ ತಿರುಗಿಸಿ. ಆದರೆ ಬಳ್ಳಿ, ಜಲ್ಲಿಯ ಮೇಲೆ ಎಬಿಎಸ್ ಇದ್ದರೂ ಕಾರು ನಿಲ್ಲಲು ಜಾಸ್ತಿ ದೂರ ಬೇಕು. ಹುರುಳಿ ದೂರದಿಂದ ಕಂಡಾಗಲೇ ವೇಗ ಇಳಿಸಿರಬೇಕು.

2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ಇಎಸ್‌ಸಿ ನಿಮ್ಮ ಕಾರಿನಲ್ಲಿ ಇದೆಯಾ ಅಂತ ಕೇಳಿ ತಿಳಿದುಕೊಳ್ಳಿ. ನೀವು ಸ್ಟೀರಿಂಗ್ ಎಷ್ಟು ತಿರುಗಿಸಿದಿರಿ, ಕಾರು ನಿಜಕ್ಕೂ ಎಷ್ಟು ತಿರುಗಿತು ಎಂದು ಅದು ಹೋಲಿಸಿ ನೋಡುತ್ತದೆ. ಮಳೆಯಲ್ಲಿ ಚಾಮುಂಡಿ ಬೆಟ್ಟ ಇಳಿಯುವಾಗ ಬಲ ತಿರುವಿನಲ್ಲಿ ಕಾರಿನ ಮೂತಿ ಹೊರಕ್ಕೆ ಜಾರಿದರೆ ಬಲಗಡೆಯ ಹಿಂದಿನ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಹಿಂಭಾಗ ಜಾರಿದರೆ ಎಡಗಡೆಯ ಮುಂದಿನ ಚಕ್ರಕ್ಕೆ. ನೀವು ಪೆಡಲ್ ಮುಟ್ಟಿರದಿದ್ದರೂ ಸರಿ. ಆಗ ಜಾರುವ ಕಾರಿನ ಚಿತ್ರವಿರುವ ದೀಪ ಮಿನುಗುತ್ತದೆ.

ಹುರುಳಿ ದಾಟಿದ ಮೇಲೆ ಜಾಗ ನೋಡಿ ನಿಲ್ಲಿಸಿ, ಚಕ್ರದ ಹಿಂದೆ ಬಗ್ಗಿ ನೋಡಿ. ಬಳ್ಳಿ ಹಗ್ಗದ ಹಾಗೆ ಸುತ್ತಿಕೊಂಡಿರುತ್ತದೆ. ಸುಮ್ನೆ ಎಳೆಯಬೇಡಿ, ಸೆನ್ಸರ್ ವೈರೂ ಜೊತೆಗೇ ಕಿತ್ತು ಬರಬಹುದು. ಬಿಸಿ ಆರಿದ ಮೇಲೆ ಕತ್ತರಿಯಿಂದ ಸ್ವಲ್ಪ ಸ್ವಲ್ಪವಾಗಿ ಕತ್ತರಿಸಿ ತೆಗೆಯಿರಿ.