ನಡುವಿನ ಗೋದಾಮು ತೆಗೆದ ಮೇಲೆ

ಆಫೀಸಿನ ಲ್ಯಾಪ್‌ಟಾಪ್‌ನಲ್ಲಿ ಡಿಎಸ್‌ಡಿ ಅಂತ ಒಂದು ಫೋಲ್ಡರ್ ಇದೆ. ಮನೆಯ ಹಾರ್ಡ್ ಡಿಸ್ಕ್‌ನಲ್ಲೂ ಅದೇ ಹೆಸರಿನದು ಇನ್ನೊಂದಿದೆ. ಮೊದಲನೆಯದರಲ್ಲಿ ಅಂಗಡಿಗಳ ಪಟ್ಟಿ, ಗಾಡಿಗಳ ಲೋಡು, ಬಿಲ್ಲುಗಳಿವೆ. ಎರಡನೆಯದರಲ್ಲಿ ಅಪ್ಪ 1970ರ ದಶಕದಲ್ಲಿ ಸ್ಪೂಲ್ ಟೇಪಿನಲ್ಲಿ ಹಿಡಿದಿಟ್ಟ ಮನೆಯ ಸಂಗೀತ ಕಚೇರಿಗಳ ವೀಣೆ ಇದೆ. ಒಂದು ಡೈರೆಕ್ಟ್ ಸ್ಟೋರ್ ಡೆಲಿವರಿ, ಅಂದರೆ ಸರಕನ್ನು ನೇರ ಅಂಗಡಿಗೇ ಮುಟ್ಟಿಸುವುದು, ನನ್ನ ಹೊಟ್ಟೆಪಾಡು. ಇನ್ನೊಂದು ಡೈರೆಕ್ಟ್ ಸ್ಟ್ರೀಮ್ ಡಿಜಿಟಲ್, ಅಂದರೆ ಸದ್ದನ್ನು ಡಿಜಿಟಲ್ ಆಗಿ ಹಿಡಿದಿಡುವ ಒಂದು ವಿಧಾನ, ರಾತ್ರಿ ಊಟ ಆದ ಮೇಲಿನ ಕೆಲಸ.

ಹೆಸರು ಒಂದೇ ಆಗಿದ್ದು ಕಾಕತಾಳೀಯ. ಆದರೆ ಎರಡನ್ನೂ ಕೈಯಾರೆ ಮಾಡಿದ ಮೇಲೆ ಒಂದು ವಿಷಯ ಗೊತ್ತಾಯಿತು. ಎರಡರಲ್ಲೂ 'ಡೈರೆಕ್ಟ್' ಅಂದರೆ ನಡುವೆ ಇದ್ದ ಒಂದು ನಿಲ್ದಾಣ ತೆಗೆದು ಹಾಕಿದ್ದೇವೆ ಅಂತ. ಆ ನಿಲ್ದಾಣ ಮಾಡುತ್ತಿದ್ದ ಕೆಲಸವನ್ನು ಆಮೇಲೆ ಯಾರು ಮಾಡುತ್ತಾರೆ ಅನ್ನೋದರಲ್ಲೇ ನನ್ನ ಹೆಚ್ಚಿನ ಹೊತ್ತು ಹೋಗಿದೆ.

ಮೊದಲು ಅಂಗಡಿಯ ಕಡೆಯದು ಹೇಳುತ್ತೇನೆ. ಅಮೆರಿಕದ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಅಕ್ಕಿ, ಸೋಪು, ಡಬ್ಬಿ ಸಾಮಾನು ಎಲ್ಲ ಆ ಮಾರ್ಕೆಟ್‌ನವರ ಸ್ವಂತ ಗೋದಾಮಿಗೆ ಹೋಗಿ ಅಲ್ಲಿಂದ ಅಂಗಡಿಗೆ ಬರುತ್ತೆ. ಬ್ರೆಡ್ಡು, ಚಿಪ್ಸು, ತಂಪು ಪಾನೀಯ, ಬಿಯರ್ ಹಾಗಲ್ಲ. ಹೆಚ್ಚಾಗಿ ತಯಾರಕರ ಇಲ್ಲವೇ ಅವರ ವಿತರಕರ ಗಾಡಿಯೇ ಅಂಗಡಿಯ ಹಿಂಬಾಗಿಲಿಗೆ ಬರುತ್ತೆ. ಬೇಗ ಹಾಳಾಗುವುದು, ಬೇಗ ಖರ್ಚಾಗುವುದು, ಜಾಸ್ತಿ ಜಾಗ ಹಿಡಿಯುವುದು, ಇವಕ್ಕೆ ಇದೇ ದಾರಿ ಸರಿ.

ಇದಕ್ಕೆ ಬೇಕಾದ ಸಾಫ್ಟ್‌ವೇರ್ ಕೂರಿಸುವ ತಂಡದಲ್ಲಿ ನಾನು ಬೆಂಗಳೂರಿನಿಂದ ಕೆಲಸ ಮಾಡುತ್ತಿದ್ದೆ. ಒಂದು ಸಲ ಟೆಕ್ಸಾಸ್‌ಗೆ ಹೋದಾಗ ಪಾನೀಯದ ಗಾಡಿಯಲ್ಲಿ ಒಂದು ಇಡೀ ದಿನ ಸುತ್ತಿದೆ. ಆರು ತಿಂಗಳ ಮೀಟಿಂಗ್‌ಗಳಲ್ಲಿ ಕಲಿಯದ್ದನ್ನು ಆ ಒಂದು ದಿನ ಕಲಿಸಿತು. ಬೆಳಗಿನ ಜಾವ ಡಿಪೋದಲ್ಲಿ ಲೋಡ್ ಎಣಿಸಿ ಸಹಿ ಹಾಕಿದರು. ಅಂಗಡಿಯ ಹಿಂಬಾಗಿಲಲ್ಲಿ ಸರಕು ತೆಗೆದುಕೊಳ್ಳುವ ಹೆಂಗಸು ಒಂದೊಂದು ಕೇಸನ್ನೂ ಮುಟ್ಟಿ ಎಣಿಸಿದರು. ಡ್ರೈವರ್ ತನ್ನ ಕೈಯಲ್ಲಿದ್ದ ಯಂತ್ರಕ್ಕೆ ಒಂದು ವೈರ್ ಸಿಕ್ಕಿಸಿ ಅದನ್ನು ಗೋಡೆಯ ಪೋರ್ಟ್‌ಗೆ ಚುಚ್ಚಿದ. ಗಾಡಿಯ ಯಂತ್ರವೂ ಅಂಗಡಿಯ ಕಂಪ್ಯೂಟರೂ ಹೀಗೆ ನೇರ ಲೆಕ್ಕ ಹಂಚಿಕೊಳ್ಳುವುದಕ್ಕೆ ಅವರು ಡೆಕ್ಸ್ ಅನ್ನುತ್ತಾರೆ. ಗಾಡಿಯಿಂದ ಅಂಗಡಿಗೆ ಹೋಗುವ ಪಟ್ಟಿಯ ನಮೂನೆಗೆ ನಂಬರ್ 894, ಅಂಗಡಿ ತಿದ್ದಿ ಕಳಿಸುವ ಉತ್ತರ 895. ಆ ದಿನ ಒಂದು ಕೇಸ್ ಕಮ್ಮಿ ಇತ್ತು. ಉತ್ತರದಲ್ಲಿ ತಿದ್ದಿ ಬಂತು, ಡ್ರೈವರ್ ಒಪ್ಪಿದ, ಬಿಲ್ ಆಯಿತು. ನಾನು ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅಸಲಿ ಕೆಲಸ ಶುರುವಾಗಿದ್ದೇ ಆಗ. ಆತ ಒಳಗೆ ಹೋಗಿ ಹಳೇ ಬಾಟಲಿಗಳನ್ನು ಮುಂದಕ್ಕೆ ಎಳೆದ, ಹೊಸದನ್ನು ಹಿಂದೆ ಜೋಡಿಸಿದ, ತಾರೀಕು ಮೀರಿದ್ದನ್ನು ಬೇರೆ ಟ್ರೇಗೆ ಹಾಕಿ ವಾಪಸ್ ಬರೆದುಕೊಂಡ, ಶೆಲ್ಫ್ ಒರೆಸಿದ. ಗೋದಾಮಿನಲ್ಲಿ ನಾಲ್ಕು ಜನ ಹಂಚಿಕೊಂಡು ಮಾಡುವುದನ್ನೆಲ್ಲ ಒಬ್ಬನೇ ಮಾಡುತ್ತಿದ್ದ.

ನಮ್ಮ ತಂಡ ಮಾಡಿದ ತಪ್ಪು ಅವತ್ತು ಸಂಜೆ ಕಣ್ಣಿಗೆ ಬಿತ್ತು. ಒಂದು ಅಂಗಡಿಯಲ್ಲಿ ಏನೂ ಇಳಿಸಿರಲಿಲ್ಲ. ಡ್ರೈವರ್ ಹೋಗಿದ್ದ, ನೋಡಿದ್ದ, ಬೇಡ ಅಂದಿದ್ದರು, ವಾಪಸ್ ಬಂದಿದ್ದ. ನಮ್ಮ ಯಂತ್ರದಲ್ಲಿ 'ಹೋಗಿದ್ದೆ, ಮಾರಾಟ ಇಲ್ಲ' ಅಂತ ಬರೆಯಲು ಜಾಗವೇ ಇರಲಿಲ್ಲ. ಖಾಲಿ ಬಿಟ್ಟಿದ್ದಕ್ಕೆ ಅವನ ದಿನದ ಲೆಕ್ಕ ಮುಚ್ಚಲಿಲ್ಲ. ಹನ್ನೊಂದು ಗಂಟೆ ದುಡಿದವನು ಇನ್ನೂ ಮುಕ್ಕಾಲು ಗಂಟೆ ಡಿಪೋದಲ್ಲಿ ಕಾದ. ನನಗೆ ನಿಜಕ್ಕೂ ಬೇಜಾರಾಯಿತು. ಮರುವಾರವೇ ಕಾರಣ ಬರೆಯುವ ಒಂದು ಸಣ್ಣ ಪಟ್ಟಿ ಸೇರಿಸಿದೆವು.

ಈಗ ವೀಣೆಯ ವಿಷಯ.

ಸಿಡಿಯಲ್ಲಿ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ, ಪ್ರತಿ ಅಳತೆಗೂ 16 ಬಿಟ್. ಇದು ಪಿಸಿಎಂ. ಡಿಎಸ್‌ಡಿಯಲ್ಲಿ ಸೆಕೆಂಡಿಗೆ 28,22,400 ಸಲ, ಪ್ರತಿ ಸಲಕ್ಕೂ ಒಂದೇ ಬಿಟ್, ಸೊನ್ನೆ ಇಲ್ಲವೇ ಒಂದು. ಅಂದರೆ ಸಿಡಿಯ 64 ಪಟ್ಟು ವೇಗ. ಸದ್ದಿನ ಅಲೆ ಮೇಲಕ್ಕಿದ್ದರೆ ಒಂದುಗಳು ದಟ್ಟ, ಕೆಳಗಿದ್ದರೆ ಸೊನ್ನೆಗಳು ದಟ್ಟ. ಸದ್ದನ್ನು ಡಿಜಿಟಲ್ ಮಾಡುವ ಎಷ್ಟೋ ಕನ್ವರ್ಟರ್‌ಗಳ ಒಳಗೆ ಮೊದಲು ಹುಟ್ಟುವುದೇ ಇಂಥ ವೇಗದ ಧಾರೆ, ಆಮೇಲೆ ಅದನ್ನು ಸೋಸಿ ಪಿಸಿಎಂ ಮಾಡುತ್ತಾರೆ. ಆ ಸೋಸುವ ಗೋದಾಮು ಬೇಡ, ಧಾರೆಯನ್ನೇ ನೇರ ಇಟ್ಟುಕೊಳ್ಳೋಣ ಅನ್ನೋದು ಸೋನಿ, ಫಿಲಿಪ್ಸ್‌ನವರ ಯೋಚನೆ. 1999ರಲ್ಲಿ ಬಂದ ಸೂಪರ್ ಆಡಿಯೋ ಸಿಡಿಯಲ್ಲಿ ಇದ್ದದ್ದು ಇದೇ.

ನಾನು ಡಿಎಸ್‌ಡಿ ರೆಕಾರ್ಡರ್ ಒಂದನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಅಪ್ಪನ ಸ್ಪೂಲ್ ಡೆಕ್ಕಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿದೆ. ಹತ್ತಿಯ ತುದಿಗೆ ಕಂದು ಪುಡಿ ಹತ್ತಿಕೊಂಡು ಬಂತು. ಅದು ಟೇಪಿನ ಮೈಯಿಂದಲೇ ಉದುರಿದ್ದು. ಒಂದೊಂದು ಟೇಪಿಗೂ ಎರಡೇ ಸಲ ಓಡುವ ಶಕ್ತಿ ಇದೆ ಅಂದುಕೊಂಡೇ ಕೆಲಸ ಮಾಡಿದೆ. ಮೊದಲ ಸಲ ಸದ್ದಿನ ಮಟ್ಟ ನೋಡುವುದಕ್ಕೆ, ಎರಡನೆಯದು ರೆಕಾರ್ಡಿಂಗ್‌ಗೆ. ಮಟ್ಟವನ್ನು ಪಿಸಿಎಂಗಿಂತ ತಗ್ಗಿಸಿಯೇ ಇಡಬೇಕು, ಡಿಎಸ್‌ಡಿಯಲ್ಲಿ ತುದಿ ಮುಟ್ಟಿದರೆ ಸದ್ದು ಬೇಗ ಕೆಡುತ್ತೆ. ಒಂದು ಗಂಟೆಯ ಸ್ಟೀರಿಯೋಗೆ ಸುಮಾರು ಎರಡೂವರೆ ಜಿಬಿ ಹಿಡಿಯಿತು. ಕಡತವನ್ನು ಡಿಎಸ್‌ಎಫ್ ಅನ್ನೋ ಡಿಎಸ್‌ಡಿ ಕಡತದ ರೂಪದಲ್ಲೇ ಇಟ್ಟೆ. ಅದರೊಳಗೇ ರಾಗ, ತಾಳ, ಇಸವಿ ಬರೆದಿಡಬಹುದು. ಹಾಳೆ ಕಳೆದುಹೋದರೂ ಮಾಹಿತಿ ಉಳಿಯುತ್ತೆ.

ಕೇಳಿದಾಗ ಬಹಳ ಖುಷಿಯಾಯಿತು. ಮೀಟಿದ ಮೇಲೆ ತಂತಿ ನಿಧಾನ ಅಡಗುವುದು, ಗಮಕದಲ್ಲಿ ಬೆರಳು ತಂತಿ ಎಳೆಯುವಾಗಿನ ಸಣ್ಣ ಉಜ್ಜು, ಹಿಂದೆ ನಮ್ಮ ಹಳೇ ಮನೆಯ ಗಡಿಯಾರ. ಎಲ್ಲ ಅಲ್ಲೇ ಇತ್ತು.

ತೊಂದರೆ ಶುರುವಾಗಿದ್ದು ಕತ್ತರಿ ಹಿಡಿದಾಗ. ಒಂದು ಕೀರ್ತನೆಯ ಸದ್ದು ತೀರಾ ಕಮ್ಮಿ ಇತ್ತು, ಸ್ವಲ್ಪ ಏರಿಸೋಣ ಅಂದುಕೊಂಡೆ. ಒಂದೇ ಬಿಟ್ಟನ್ನು ಒಂದೂವರೆ ಪಟ್ಟು ಮಾಡುವುದು ಹೇಗೆ? ಆಗಲ್ಲ. ಸದ್ದು ಏರಿಸಲು, ಇಳಿಸಲು, ಎರಡು ತುಂಡನ್ನು ನಯವಾಗಿ ಸೇರಿಸಲು ಮತ್ತೆ ಪಿಸಿಎಂ ಥರದ ಬಹುಬಿಟ್‌ಗೆ ಹೋಗಲೇಬೇಕು. ತೆಗೆದು ಹಾಕಿದ ಗೋದಾಮಿಗೆ ಸರಕನ್ನು ಮತ್ತೆ ಕಳಿಸಿದ ಹಾಗೆ.

ಇನ್ನೊಂದು ಪಾಠ ಸದ್ದು ಮಾಡಿಕೊಂಡೇ ಬಂತು. ಹಾಡಿನ ಮುಂಚೆ ಎರಡು ಸೆಕೆಂಡ್ ಮೌನ ಸೇರಿಸಲು ಸಣ್ಣ ಪ್ರೋಗ್ರಾಂ ಬರೆದು ಸೊನ್ನೆ ತುಂಬಿಸಿದೆ. ಪಿಸಿಎಂನಲ್ಲಿ ಸೊನ್ನೆ ಅಂದರೆ ಮೌನ. ಡಿಎಸ್‌ಡಿಯಲ್ಲಿ ಬರೀ ಸೊನ್ನೆ ಅಂದರೆ ಅಲೆ ಪೂರ್ತಿ ಕೆಳಕ್ಕೆ ಹೋಗಿ ನಿಂತಿದೆ ಅಂತ. ಸ್ಪೀಕರ್ ಧಡ್ ಅಂತು, ಕೋನ್ ಒಳಕ್ಕೆ ಎಳೆದುಕೊಂಡಿದ್ದು ಕಣ್ಣಿಗೇ ಕಂಡಿತು. ಇಲ್ಲಿ ಮೌನ ಬೇಕಾದರೆ ಸೊನ್ನೆ, ಒಂದು ಸಮಸಮ ಇರಬೇಕು, 01101001 ಅನ್ನೋ ಥರ. ಟೆಕ್ಸಾಸ್‌ನ ಆ ಖಾಲಿ ಅಂಗಡಿ ನೆನಪಾಯಿತು. ಅಲ್ಲೂ 'ಏನೂ ಇಲ್ಲ' ಅನ್ನೋದನ್ನು ಬರೆದೇ ತಿಳಿಸಬೇಕಿತ್ತು ಅಲ್ವಾ.

ಈಗ ನಾನು ಮಾಡುವ ಕ್ರಮ ಹೀಗಿದೆ. ಡಿಎಸ್‌ಎಫ್ ಮೂಲವನ್ನು ಮುಟ್ಟುವುದೇ ಇಲ್ಲ, ಎರಡು ಡಿಸ್ಕ್‌ಗಳಲ್ಲಿ ಎರಡು ಮನೆಯಲ್ಲಿ ಇಟ್ಟಿದ್ದೇನೆ. ಅಕ್ಕನಿಗೆ, ಚಿಕ್ಕಪ್ಪನಿಗೆ ಕೇಳಿಸಲು 24 ಬಿಟ್, 88.2 ಕಿಲೋಹರ್ಟ್ಸ್ ಪಿಸಿಎಂ ಪ್ರತಿ ಮಾಡುತ್ತೇನೆ. 28,22,400ನ್ನು 32ರಿಂದ ಭಾಗಿಸಿದರೆ ಸರಿಯಾಗಿ 88,200 ಬರುತ್ತೆ, 96 ಕಿಲೋಹರ್ಟ್ಸ್ ಆದರೆ ಹಾಗೆ ಭಾಗವಾಗಲ್ಲ. ಡಿಎಸ್‌ಡಿ ತನ್ನ ಗದ್ದಲವನ್ನು ಕಿವಿಗೆ ಕೇಳದ ಮೇಲಿನ ಕಂಪನಗಳಿಗೆ ತಳ್ಳಿರುತ್ತೆ, ಪ್ರತಿ ಮಾಡುವಾಗ ಅದನ್ನು ಸೋಸಿಬಿಡುತ್ತೇನೆ. ಕತ್ತರಿಸಿ ಜೋಡಿಸುವ ಕೆಲಸ ಜಾಸ್ತಿ ಇರುವ ಟೇಪ್ ಆದರೆ ಡಿಎಸ್‌ಡಿ ಗೋಜಿಗೇ ಹೋಗದೆ ನೇರ 24 ಬಿಟ್ ಪಿಸಿಎಂನಲ್ಲೇ ಹಿಡಿಯುತ್ತೇನೆ. ಸಲಹೆ ಕೇಳುವವರಿಗೂ ಇದನ್ನೇ ಹೇಳುತ್ತೇನೆ.

ಇನ್ನೂ ಏಳು ಸ್ಪೂಲ್ ಬಾಕಿ ಇವೆ. ಒಂದರ ಅಂಚಿಗೆ ಬಿಳಿ ಬೂಷ್ಟು ಹಿಡಿದಿದೆ. ಡಬ್ಬಿಯ ಮೇಲೆ ಅಪ್ಪನ ಅಕ್ಷರದಲ್ಲಿ 'ಕಲ್ಯಾಣಿ, ಪೂರ್ತಿ' ಅಂತಿದೆ. ಈ ಭಾನುವಾರ ಅದನ್ನು ಒರೆಸಿ, ಒಣಗಿಸಿ, ಆಮೇಲೆ ಓಡಿಸಬೇಕು.