ಬಾಕುವಿಗೆ ಹೊಸದಾಗಿ ಬಂದ ಕನ್ನಡಿಗರಿಗೆ: ಈ ನೆಲದ ಚರಿತ್ರೆಯ ಬಗ್ಗೆ ತಿಳಿದಿರಬೇಕಾದದ್ದು

ಬಾಡಿಗೆ ಮನೆ, ದಿನಸಿ ಅಂಗಡಿ, ಮೆಟ್ರೋ ಕಾರ್ಡುಗಳ ಮಾಹಿತಿ ಬಾಕುವಿಗೆ ಬಂದ ಕೆಲವೇ ದಿನಗಳಲ್ಲಿ ಯಾರಿಂದಲಾದರೂ ಸಿಕ್ಕೀತು. ಇರಾನ್, ರಷ್ಯಾ, ತುರ್ಕಿಗಳ ಮಾತು ಬಂದಾಗ ಇಲ್ಲಿನ ಸಹೋದ್ಯೋಗಿಗಳ ದನಿ ಏಕೆ ಬದಲಾಗುತ್ತದೆ ಎಂಬುದನ್ನು ಮಾತ್ರ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ. ಅದನ್ನು ಅರಿಯಲು ಮೊದಲು ನಕ್ಷೆಯಲ್ಲಿ ಅರಾಸ್ ನದಿಯನ್ನು ಗುರುತಿಸಿಕೊಳ್ಳಿ. ಬಹುಮಟ್ಟಿಗೆ ಆ ನದಿಯೇ ಗಡಿ. ಅದರ ಉತ್ತರಕ್ಕೆ ನಾವಿರುವ ಅಜರ್‌ಬೈಜಾನ್ ಗಣರಾಜ್ಯ, ದಕ್ಷಿಣಕ್ಕೆ ಇರಾನಿನ ತಬ್ರೀಜ್ ಮತ್ತು ಅರ್ದಬಿಲ್. ಎರಡೂ ಕಡೆ ನೆಲೆಸಿರುವ, ತುರ್ಕಿ ಬಳಗದ ನುಡಿಯಾಡುವ ಅಜೆರಿಗಳ ಸಂಖ್ಯೆ ದಕ್ಷಿಣದಲ್ಲಿಯೇ ಹೆಚ್ಚು.

ಈ ಗಡಿ ಪ್ರಾಚೀನವಾದುದಲ್ಲ. ಅರ್ದಬಿಲ್ಲಿನ ಸೂಫಿ ಮನೆತನದ ಇಸ್ಮಾಯಿಲ್ 1501ರಲ್ಲಿ ತಬ್ರೀಜಿನಲ್ಲಿ ಪಟ್ಟಕ್ಕೇರಿ ಸಫವಿ ರಾಜ್ಯವನ್ನು ಸ್ಥಾಪಿಸಿದಾಗ ಎರಡೂ ದಡಗಳು ಒಂದೇ ಆಳ್ವಿಕೆಗೆ ಬಂದವು. ಶಿಯಾ ಪಂಥವನ್ನು ರಾಜ್ಯಧರ್ಮವನ್ನಾಗಿ ಮಾಡಿದ ಈತ ಖತಾಯಿ ಎಂಬ ಅಂಕಿತದಲ್ಲಿ ತುರ್ಕಿ ನುಡಿಯಲ್ಲಿಯೇ ಕವಿತೆ ಬರೆದ. ವಿಜಯಪುರದಿಂದ ಬಂದವರಿಗೆ ಇದು ದೂರದ ಕಥೆಯೆನಿಸಬಾರದು: ಅದೇ ಕಾಲದಲ್ಲಿ ಯೂಸುಫ್ ಆದಿಲ್ ಶಾಹನೂ ಶಿಯಾ ಪಂಥವನ್ನು ಘೋಷಿಸಿದ್ದನು, ಅವನ ಮಗ ತನ್ನ ಸೈನಿಕರಿಗೆ ಸಫವಿಗಳ ಕೆಂಪು ಟೋಪಿಯನ್ನೇ ತೊಡಿಸಿದನು. 1514ರಲ್ಲಿ ಚಾಲ್ದಿರಾನಿನಲ್ಲಿ ಆಟೊಮನ್ ಸುಲ್ತಾನ ಸಲೀಮನ ತೋಪುಗಳ ಮುಂದೆ ಇಸ್ಮಾಯಿಲ್ ಸೋತ ನಂತರ, 1639ರ ಜುಹಾಬ್ ಒಪ್ಪಂದದವರೆಗೂ ಈ ನಾಡು ಎರಡು ಸಾಮ್ರಾಜ್ಯಗಳ ಯುದ್ಧಭೂಮಿಯಾಗಿ ಕೈ ಬದಲಾಯಿಸುತ್ತಲೇ ಇತ್ತು.

ದೆಹಲಿಯನ್ನು ಸೂರೆಗೈದ ನಾದಿರ್ ಶಾಹ 1747ರಲ್ಲಿ ಕೊಲೆಯಾದ ಮೇಲೆ ಬಾಕು, ಶೆಕಿ, ಗಂಜಾ, ಕರಾಬಾಖ್ ಮುಂತಾದ ಕಡೆ ಖಾನರು ತಂತಮ್ಮ ಆಳ್ವಿಕೆ ಹೂಡಿದರು. ಹೀಗೆ ಒಡೆದು ಹೋಗಿದ್ದ ನಾಡು ರಷ್ಯಾಕ್ಕೆ ಸುಲಭದ ತುತ್ತಾಯಿತು. 1804ರಲ್ಲಿ ಗಂಜಾದ ಜವಾದ್ ಖಾನ್ ಹೋರಾಡಿ ಮಡಿದ. 1813ರ ಗುಲಿಸ್ತಾನ್ ಮತ್ತು 1828ರ ತುರ್ಕಮೆನ್‌ಚಾಯ್ ಒಪ್ಪಂದಗಳು ಉತ್ತರವನ್ನು ತ್ಸಾರನಿಗೂ ದಕ್ಷಿಣವನ್ನು ಇರಾನಿಗೂ ಹಂಚಿದವು. ಈ ಎರಡು ಹೆಸರುಗಳನ್ನು ನೆನಪಿಡಿ; ಇಲ್ಲಿ ಶಾಲೆ ಕಲಿತ ಯಾರೂ ಅವನ್ನು ಮರೆತಿರುವುದಿಲ್ಲ. ವಿಭಜನೆಯ ಫಲ ಲಿಪಿಯಲ್ಲಿಯೂ ಕಾಣುತ್ತದೆ: ದಕ್ಷಿಣದವರು ಅರಬ್ಬಿ ಲಿಪಿಯಲ್ಲಿಯೇ ಉಳಿದರೆ, ಉತ್ತರದವರು ಒಂದೇ ಶತಮಾನದಲ್ಲಿ ಅರಬ್ಬಿಯಿಂದ ಲ್ಯಾಟಿನ್ನಿಗೂ, ಅಲ್ಲಿಂದ ಸಿರಿಲಿಕ್ಕಿಗೂ, 1991ರ ನಂತರ ಮತ್ತೆ ಲ್ಯಾಟಿನ್ನಿಗೂ ಹೊರಳಬೇಕಾಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜಗತ್ತಿನ ತೈಲದ ಸುಮಾರು ಅರ್ಧಭಾಗ ಬಾಕುವಿನಿಂದಲೇ ಬರುತ್ತಿತ್ತು. ಮುಂದಿನ ಪೈಪೋಟಿಗೆ ಅದೇ ಕಾರಣ. 1918ರ ಮೇ 28ರಂದು ಗಣರಾಜ್ಯ ಘೋಷಣೆಯಾಯಿತು. ಮಹಿಳೆಯರಿಗೆ ಮತದ ಹಕ್ಕು ನೀಡಿದ ಆ ರಾಜ್ಯ ಬದುಕಿದ್ದು ಎರಡು ವರ್ಷಕ್ಕೂ ಕಡಿಮೆ. 1920ರ ಏಪ್ರಿಲ್ 28ರಂದು ಕೆಂಪು ಸೇನೆ ಬಾಕುವನ್ನು ಹಿಡಿಯಿತು. ನೀವು ಗಾಡಿ ಬದಲಿಸುವ ‘28 ಮೇ’ ನಿಲ್ದಾಣಕ್ಕೆ ಸೋವಿಯತ್ ಕಾಲದಲ್ಲಿ ‘28 ಏಪ್ರಿಲ್’ ಎಂಬ ಹೆಸರಿತ್ತು.

ಒಂದೇ ಸ್ಥಳವನ್ನು ನೋಡಲು ಬಿಡುವಿದ್ದರೆ ಕೊಲ್ಲಿಯ ಮೇಲಿನ ಹುತಾತ್ಮರ ಓಣಿಗೆ ಹೋಗಿ. 1918ರ ಮಾರ್ಚ್ ಹಿಂಸಾಚಾರದಲ್ಲಿ ಬೊಲ್ಶೆವಿಕ್ ಮತ್ತು ಅರ್ಮೇನಿಯನ್ ಪಡೆಗಳಿಂದ ಹತರಾದ ಮುಸ್ಲಿಮರನ್ನು ಹೂತಿದ್ದು ಅಲ್ಲಿ. ಸೋವಿಯತ್ ಆಡಳಿತ ಅದನ್ನು ವಿಹಾರದ ಉದ್ಯಾನವನ್ನಾಗಿ ಮಾಡಿ ಬೊಲ್ಶೆವಿಕ್ ನಾಯಕ ಕಿರೋವನ ಪ್ರತಿಮೆ ನಿಲ್ಲಿಸಿತು. 1990ರ ಜನವರಿ 20ರಂದು ಸೋವಿಯತ್ ಸೇನೆ ನಗರಕ್ಕೆ ನುಗ್ಗಿ ನೂರಕ್ಕೂ ಹೆಚ್ಚು ಜನರನ್ನು ಕೊಂದಾಗ, ಅವರನ್ನೂ ಜನ ಅಲ್ಲಿಯೇ ಹೂತರು. ಪ್ರತಿಮೆ ಆಮೇಲೆ ಇಳಿಯಿತು. 1918ರ ಸೆಪ್ಟೆಂಬರಿನಲ್ಲಿ ನಗರವನ್ನು ಗೆದ್ದುಕೊಟ್ಟ ಆಟೊಮನ್ ಸೈನಿಕರ ಸ್ಮಾರಕವೂ ಬ್ರಿಟಿಷ್ ಸೈನಿಕರ ಸ್ಮಾರಕವೂ ಅಲ್ಲಿಯೇ ಇವೆ. ಆ ಸೆಪ್ಟೆಂಬರಿನಲ್ಲಿ ಸಾವಿರಾರು ಅರ್ಮೇನಿಯನ್ನರು ಹತರಾದದ್ದನ್ನು ನೀವು ಬೇರೆ ಕಡೆ ಓದಿಕೊಳ್ಳಬೇಕು.

ವ್ಯವಹಾರದಲ್ಲಿ ಇದರಿಂದ ಕೆಲವು ಎಚ್ಚರಗಳು ಹುಟ್ಟುತ್ತವೆ. ಇವರೊಡನೆ ರಷ್ಯನ್ ಮಾತಾಡಬಹುದು, ಆದರೆ ಇವರನ್ನು ರಷ್ಯನ್ನರೆನ್ನಬಾರದು. ಪರ್ಷಿಯನ್ನರೆಂದರಂತೂ ಇನ್ನೂ ನೋಯುತ್ತಾರೆ. ಹಿರಿಯರನ್ನು ಹೆಸರಿನೊಂದಿಗೆ ‘ಮುಅಲ್ಲಿಮ್’ ಎಂದೂ, ಮಹಿಳೆಯರನ್ನು ‘ಖಾನುಮ್’ ಎಂದೂ ಕರೆಯುವುದು ಲೇಸು. ಅರ್ಮೇನಿಯಾದೊಡನೆ ಯುದ್ಧ ನಡೆದ ಕರಾಬಾಖಿನ ಬಗ್ಗೆ ಪರಿಚಯವಾದ ಹೊಸತರಲ್ಲಿ ಅಭಿಪ್ರಾಯ ಹೇಳಲು ಹೋಗಬೇಡಿ. ಊಟದ ಮೇಜಿನ ಎದುರು ಕುಳಿತವರ ಮನೆಯಲ್ಲೇ ಒಬ್ಬರು ಆ ಯುದ್ಧದಲ್ಲಿ ತೀರಿಕೊಂಡಿರಬಹುದು.