ಕಾಡಿಗೂ ಅಧಿಕಾರಕ್ಕೂ ಒಂದೇ ಬೇರು: ನಾನು ಕಟ್ಟಿದ ಭಾಷೆಯ ಅನುಭವ

ನನ್ನ ಫ್ಯಾಂಟಸಿ ಕಾದಂಬರಿಗೆ ಅಂತ ನಹೇರ ಅನ್ನೋ ಭಾಷೆ ಕಟ್ಟೋಕೆ ಶುರು ಮಾಡಿ ನಾಲ್ಕು ವರ್ಷ ಆಯ್ತು. ಮೊದಲ ವರ್ಷ ಮಾಡಿದ್ದು ಇಷ್ಟೇ, ಎಕ್ಸೆಲ್ ಶೀಟಲ್ಲಿ ಒಂದ್ ಕಡೆ ಕನ್ನಡ ಪದ, ಪಕ್ಕದಲ್ಲಿ ಕಿವಿಗೆ ಚೆನ್ನಾಗಿ ಕೇಳೋ ಒಂದು ಶಬ್ದ. ಕಾಡು, ವನ, ಅಡವಿ, ಅರಣ್ಯ ಎಲ್ಲಕ್ಕೂ ಒಂದೊಂದು ಇಟ್ಟಿದ್ದೆ, ಆದ್ರೆ ನಹೇರ ಜನ ಕಾಡಲ್ಲೇ ಹುಟ್ಟಿ ಕಾಡಲ್ಲೇ ಮಣ್ಣಾಗೋರು, ಅವರಿಗೆ ಕಾಡು ಅಂದ್ರೆ ಊರಾಚೆಗಿನ ಜಾಗ ಅಲ್ವೇ ಅಲ್ಲ.

ಇದು ಹೊಳೆದಿದ್ದು ಇಂಗ್ಲಿಷಿನ ಫಾರೆಸ್ಟ್ ಪದದ ಮೂಲ ಹುಡುಕ್ವಾಗ. ಮಧ್ಯಯುಗದ ಲ್ಯಾಟಿನ್ ಫೊರೆಸ್ಟಿಸ್‌ನಿಂದ ಬಂದಿದ್ದು, ಅದರ ಹಿಂದೆ ‘ಹೊರಗೆ’ ಅನ್ನೋ ಅರ್ಥದ ಫೊರಿಸ್ ಇದೆ ಅಂತಾರೆ. ನಾರ್ಮನ್ ರಾಜರ ಕಾಲದ ಇಂಗ್ಲೆಂಡಲ್ಲಿ ಫಾರೆಸ್ಟ್ ಅನ್ನಿಸ್ಕೊಳ್ಳೋಕೆ ಮರ ಇರ್ಲೇಬೇಕು ಅಂತೇನಿರ್ಲಿಲ್ಲ, ರಾಜನ ಬೇಟೆಗೆ ಮೀಸಲಿಟ್ಟು ಬೇರೆ ಕಾನೂನು ಹಾಕಿದ್ರೆ ಕುರುಚಲು ಬಯಲೂ ಫಾರೆಸ್ಟೇ. ಕೊನೆಗೆ 1217ರ ಫಾರೆಸ್ಟ್ ಚಾರ್ಟರ್ ಅನ್ನೋ ರಾಜಶಾಸನದಲ್ಲಿ ಜಿಂಕೆ ಹೊಡೆದೋರ ಪ್ರಾಣ, ಕೈಕಾಲು ತೆಗಿಯೋ ಶಿಕ್ಷೆ ನಿಲ್ಸಿ, ಜನ ತಮ್ಮ ತೋಪಲ್ಲಿ ಹಂದಿ ಮೇಯಿಸ್ಕೊಳ್ಳೋ ಹಕ್ಕನ್ನ ಬರೆದುಕೊಟ್ರು. ಅಂದ್ರೆ ಆ ಪದದ ಹೊಟ್ಟೇಲೇ ಅಧಿಕಾರ ಕೂತಿತ್ತು. ನಂಗೂ ಅದೇ ಬೇಕಿತ್ತು, ಆದ್ರೆ ರಾಜನ ಕಡೆಯಿಂದಲ್ಲ, ಕಾಡಿನ ಒಳಗಿಂದ.

ಹಳೇ ಶೀಟ್ ಪೂರ್ತಿ ಅಳಿಸಿ ಬೇರಿನಿಂದ ಶುರು ಮಾಡ್ದೆ. ಸೆಲ್ ಅಂದ್ರೆ ನೆರಳು ಕೊಡು. ಅದರಿಂದ ಸೆಲುಮ, ನೆರಳು ಕೊಡೋದು, ಅಂದ್ರೆ ಕಾಡು. ಸೆಲಕ, ನೆರಳು ಕೊಡೋ ಬಲ, ಅಂದ್ರೆ ಹಿರಿಯರ ಅಧಿಕಾರ. ಗೆದ್ದು ಬಂದೋರ ಅಧಿಕಾರಕ್ಕೆ ಬೇರೆ ಪದ, ಗಿತ್ತ, ಅದರ ಮೊದಲ ಅರ್ಥ ಉರುಲು ಕಟ್ಟೋಕೆ ಬಗ್ಗಿಸಿಟ್ಟ ಕೊಂಬೆ. ಬಗ್ಗಿದೋನಿಗೂ, ಅಂದ್ರೆ ಅಡಿಯಾಳಿಗೂ ಗಿತ್ತ ಅಂತಲೇ ಇಟ್ಟೆ. ಗೊಂದಲ ಆಗುತ್ತೇನೋ ಅನ್ನಿಸ್ತು, ಆದ್ರೆ ಕನ್ನಡದಲ್ಲೇ ನೋಡಿ, ಆಳು ಅಂದ್ರೆ ರಾಜ್ಯ ಆಳೋದೂ ಹೌದು, ಕೂಲಿಗೆ ಬರೋ ಆಳೂ ಹೌದು, ಯಾರಿಗೂ ಗೊಂದಲ ಆಗಲ್ಲ.

ಕಷ್ಟ ಬಂದಿದ್ದು ಧ್ವನಿ ಬದಲಾವಣೆ, ಅಂದ್ರೆ ಕಾಲ ಕಳೆದ ಹಾಗೆ ಪದದ ಸದ್ದು ಬದಲಾಗೋದು, ಹಾಕಿದಾಗ. ಹಳಗನ್ನಡದ ಪಾಲು ಈಗ ಹಾಲಾದ ಹಾಗೆ, ಪದದ ಮೊದಲಿನ ಸಕಾರ ಹಕಾರ ಆಗುತ್ತೆ, ನಡುವಿನ ಉಕಾರ ಬಿದ್ದೋಗುತ್ತೆ ಅಂತ ರೂಲ್ ಮಾಡಿದ್ದೆ. ಸೆಲುಮ ಹೋಗಿ ಹೆಲ್ಮ ಆಯ್ತು, ಆದ್ರೆ ಹೆಲ್ಮ ಆಗ್ಲೇ ಇತ್ತು, ಹೆಲ್ ಅಂದ್ರೆ ಸುಡು, ಹೆಲ್ಮ ಅಂದ್ರೆ ಸುಟ್ಟ ನೆಲ! ಕಾಡಿಗೂ ಸುಟ್ಟ ನೆಲಕ್ಕೂ ಒಂದೇ ಪದ, ಎರಡು ದಿನ ಏನೂ ಬರೀಲಿಲ್ಲ. ಆಮೇಲೆ ನೆನಪಾಗಿದ್ದು ಫ್ರಾನ್ಸಿನ ನೈಋತ್ಯದ ಗ್ಯಾಸ್ಕನ್ ಭಾಷೆಯ ಉದಾಹರಣೆ, ಅಲ್ಲಿ ಧ್ವನಿ ಬದಲಾಗಿ ಹುಂಜಕ್ಕೂ ಬೆಕ್ಕಿಗೂ ಗತ್ ಅಂತ ಒಂದೇ ಪದ ಆಗ್ಬಿಡೋದಿತ್ತು, ಜನ ಬೆಕ್ಕಿಗೆ ಗತ್ ಉಳಿಸಿ ಹುಂಜಕ್ಕೆ ಬೇರೆ ಪದ ಹಿಡಿದ್ರು.

ನಾನೂ ಹೆಲ್ಮವನ್ನ ಕಾಡಿಗೇ ಬಿಟ್ಟೆ. ಸುಟ್ಟ ನೆಲಕ್ಕೆ ಒಸೆಲ್ ಅಂತ ಮಾಡ್ದೆ, ನೆರಳಿಲ್ಲದ್ದು ಅಂತ. ಒ ಅನ್ನೋದು ‘ಇಲ್ಲ’ ಅನ್ನೋ ಅರ್ಥದ ಪೂರ್ವಪ್ರತ್ಯಯ, ಅದು ಪದದ ಶುರುವಲ್ಲೇ ಇರೋದ್ರಿಂದ ಸಕಾರ ಪದದ ಮೊದಲಲ್ಲಿಲ್ಲ, ಬದಲಾಗಲ್ಲ. ಹಂಗಾಗಿ ಈಗಿನ ನಹೇರದಲ್ಲಿ ಸೆಲ್ ಅನ್ನೋ ಹಳೇ ಬೇರು ತನ್ನ ಸದ್ದಲ್ಲೇ ಕೇಳ್ಸೋದು ಕಾಡು ಸುಟ್ಟು ಹೋದ ಜಾಗದ ಹೆಸರಲ್ಲಿ ಮಾತ್ರ. ಮೂರನೇ ಅಧ್ಯಾಯದ ಜೋಗುಳ ಈಗ ಮತ್ತೆ ಬರೀತಿದ್ದೀನಿ, ಅಜ್ಜಿ ಮಗುಗೆ ಕೊನೇಲಿ ಹೇಳೋ ಪದ ಒಸೆಲ್.